ಎರಡು ಕೇಜಿಯ ಹರಕೆ

ಚೌರಮ್ಮನಿಗೆ ಪವಾಡಗಳ ಮೇಲೆ ಬಂಡೆಯಂಥ ನಂಬಿಕೆ. ಪವಾಡ ಹೇಳಿಕೊಂಡು ತಿರುಗುವವರ ಮೇಲೆ ಮಾತ್ರ ಸಾಸಿವೆಯಷ್ಟೂ ಇಲ್ಲ. ಭಾನುವಾರ ಚರ್ಚಿನಲ್ಲಿ, ಅವರ ಬಾಯಲ್ಲಿ ಗುಡಿಯಲ್ಲಿ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಒಬ್ಬೊಬ್ಬರಾಗಿ ನಿಂತು ಸಾಕ್ಷಿ ಹೇಳುವುದುಂಟು. ಹೊರಡಲಿದ್ದ ಬಸ್ಸು ನಮಗಾಗಿ ನಿಂತಿತು, ಪವಾಡ. ಕಳೆದ ಮೂಗುಬೊಟ್ಟು ಬಚ್ಚಲಲ್ಲಿ ಸಿಕ್ಕಿತು, ಪವಾಡ. ಅಂಥ ಮಾತು ಶುರುವಾದರೆ ಇವಳು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು.

"ನಿನ್ನ ಬಸ್ಸು ಹಿಡ್ಕೊಂಡು ನಿಂತ್ಕೊಳಾಕೆ ದೇವ್ರೇನು ಕಂಡಕ್ಟರಾ? ಆಯಪ್ಪಂಗೆ ಬ್ಯಾರೆ ಗೇಮೆ ಇಲ್ವಾ?"

ಈ ಬಾಯಿಗೆ ಒಂದು ಹಿನ್ನೆಲೆ ಇತ್ತು. ಅವಳು ಹುಟ್ಟಿದ್ದು ಕನಕಪುರ ತಾಲ್ಲೂಕಿನಲ್ಲಿ, ಹಾರೋಬೆಲೆಗೆ ಎರಡು ಮೈಲಿ ಆಚೆಯ ಹಳ್ಳಿಯಲ್ಲಿ. ಏಳನೇ ವರ್ಷದಲ್ಲಿ ವಿಷಮಶೀತ ಜ್ವರ ಬಂದು ಹದಿನೆಂಟು ದಿನ ಕಣ್ಣು ಬಿಡದೆ ಮಲಗಿದಳು. ಡಾಕ್ಟರು ಇನ್ನು ನನ್ನ ಕೈಲಿಲ್ಲ ಅಂದರು. ತಾಯಿ ಸಂತಮ್ಮ ಆರೋಗ್ಯಮಾತೆಗೆ, ಅಂದರೆ ಮೇರಿಮಾತೆಗೆ, ಹರಕೆ ಹೊತ್ತಳು. ಹತ್ತೊಂಬತ್ತನೇ ದಿನ ಬೆಳಿಗ್ಗೆ ಮಗು ಕಣ್ಣು ಬಿಟ್ಟು ನೀರು ಕೇಳಿತು. ಅಕ್ಕಪಕ್ಕದವರೆಲ್ಲ ಬಂದು ಮಂಡಿಯೂರಿ ಸ್ತೋತ್ರ ಹಾಡತೊಡಗಿದರು. ಸಂತಮ್ಮ ಒಲೆಯ ಮುಂದಿನಿಂದಲೇ ಗದರಿದಳು.

"ಯೇಸುಸ್ವಾಮಿ ಸತ್ತ ಮಗೀನ ಎಬ್ಸಿದ್ಮ್ಯಾಕೆ ಏನಂದ? ಮೊದ್ಲು ಇದಕ್ಕೆ ಉಣ್ಣಾಕೆ ಕೊಡಿ ಅಂದ. ಎಬ್ಸೋದು ಆಯಪ್ಪನ ಕೆಲ್ಸ. ಗಂಜಿ ಕಾಯ್ಸೋದು ನಮ್ಮ ಕೆಲ್ಸ. ಏಳ್ರವ್ವ, ಒಬ್ರಾದ್ರೂ ಸೌದೆ ತಂದ್ಕೊಡಿ."

ಚೌರಮ್ಮನಿಗೆ ಜ್ವರದ ನೆನಪಿಲ್ಲ. ಈ ಮಾತು ಮಾತ್ರ ಚೆನ್ನಾಗಿ ನೆನಪಿದೆ.

ಆ ಕಡೆಯ ಕ್ರೈಸ್ತರಲ್ಲಿ ಒಂದು ಪದ್ಧತಿ. ಹರಕೆ ಫಲಿಸಿದರೆ, ವಾಸಿಯಾದದ್ದು ಏನೋ ಅದರ ರೂಪವನ್ನು ಮೇಣದಲ್ಲಿ ಮಾಡಿಸಿ ಮಾತೆಯ ಮುಂದೆ ಇಡಬೇಕು. ಕಾಲು ನೆಟ್ಟಗಾದವನು ಮೇಣದ ಕಾಲು ಇಡುತ್ತಾನೆ, ದೃಷ್ಟಿ ಬಂದವಳು ಮೇಣದ ಕಣ್ಣು. ಸುಮ್ಮನೆ ಕೈಮುಗಿದು ಬರುವ ಹಾಗಿಲ್ಲ. ಏನು ಕೆಟ್ಟಿತ್ತು ಅನ್ನೋದನ್ನು ಊರಿನ ಎದುರಿಗೆ ಇಟ್ಟು ತೋರಿಸಬೇಕು. ಸಂತಮ್ಮ ಗೇಣುದ್ದದ ಮೇಣದ ಗೊಂಬೆ ಇಟ್ಟು ಬಂದಳು.

ಹತ್ತೊಂಬತ್ತಕ್ಕೆ ಮದುವೆಯಾಗಿ ಚೌರಮ್ಮ ರಾಮನಗರಕ್ಕೆ ಬಂದಳು. ಗಂಡ ಗಾರೆ ಕೆಲಸದವನು, ಕುಡಿಯದ ದಿನಗಳಲ್ಲಿ ಒಳ್ಳೆಯವನು. ಅವನು ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ಕುದೂರಿನ ಕಡೆ ಕೊಟ್ಟು, ತಮ್ಮ ರಾಯಪ್ಪನನ್ನು ಊರಿಂದ ಕರೆಸಿ ಪಕ್ಕದ ಬೀದಿಯಲ್ಲಿ ಮನೆ ಮಾಡಿಸಿದಳು. ಹೊಟ್ಟೆಪಾಡಿಗೆ ರೇಷ್ಮೆ. ಕುದಿಯುವ ನೀರಿನಲ್ಲಿ ಬೆಂದ ಗೂಡುಗಳ ನಡುವೆ ಕೈಯಿಟ್ಟು, ಕಣ್ಣಿಗೆ ಕಾಣದಂಥ ಎಳೆಯ ತುದಿ ಹಿಡಿದು, ಹತ್ತು ಗೂಡಿನ ಎಳೆ ಸೇರಿಸಿ ರಾಟೆಗೆ ಕೊಡುವ ಕೆಲಸ. ಸೀರೆ ಉಟ್ಟವರು ಈ ಕೈಗಳನ್ನು ನೋಡಿರುವುದಿಲ್ಲ. ಬೆರಳ ತುದಿ ಬಿಳುಚಿ, ಸಂದುಗಳಲ್ಲಿ ಬಿರಿದು, ಉಪ್ಪಿನಕಾಯಿ ಮುಟ್ಟಿದರೆ ಪ್ರಾಣ ಹೋಗುವ ಹಾಗೆ ಉರಿಯುತ್ತವೆ. ಒಮ್ಮೆ ಇಡೀ ಬಲಗೈ ಬೆಂದು, ಮೂರು ತಿಂಗಳಿಗೆ ವಾಸಿಯಾದಾಗ ಅವಳೂ ಒಂದು ಮೇಣದ ಕೈ ಇಟ್ಟು ಬಂದಿದ್ದಳು.

ಆಗಿನ್ನೂ ರಾಮನಗರ ಜಿಲ್ಲೆಯಾಗಿರಲಿಲ್ಲ. ಮೈಸೂರು ರಸ್ತೆ ಅಗಲವಾಗುತ್ತಿತ್ತು. ರಸ್ತೆಬದಿಯ ಮರಗಳು ಹೋದವು, ಹಿಪ್ಪುನೇರಳೆ ತೋಟಗಳಿದ್ದ ಕಡೆ ತಗಡಿನ ಶೆಡ್ಡುಗಳು ಎದ್ದವು. ಮನೆಯ ಹಿಂದೆ ಮಣ್ಣಿನ ಒಲೆ ಹಾಕಿ ನೂಲು ತೆಗೆಯುತ್ತಿದ್ದ ಬಡ ಸಾಬರ ಘಟಕಗಳು ಒಂದೊಂದಾಗಿ ಮುಚ್ಚಿದವು. ಗೂಡಿನ ವ್ಯಾಪಾರದಲ್ಲಿ ಚೆನ್ನಾಗಿ ಬೆಳೆದಿದ್ದ ದೇವರಾಜು ಕೆಂಗಲ್ಲಿನ ಕಡೆಗೆ ಹೋಗುವ ದಾರಿಯಲ್ಲಿ ಇಪ್ಪತ್ತೆಂಟು ಬೇಸಿನ್ನುಗಳ ಮಿಲ್ಲು ತೆಗೆದ. ಒಲೆಗಳ ಬದಲು ಒಂದೇ ಬಾಯ್ಲರ್. ಅದರ ಉಗಿ ಪೈಪುಗಳಲ್ಲಿ ಬಂದು ಎಲ್ಲ ಬೇಸಿನ್ನುಗಳ ನೀರು ಕುದಿಸುತ್ತಿತ್ತು. ಬೆಂಗಳೂರಿನಲ್ಲಿ ಮುಚ್ಚಿಹೋದ ಯಾವುದೋ ಕಾರ್ಖಾನೆಯ ತುಕ್ಕು ಸಾಮಾನದು. ಅದಕ್ಕೂ ಕೂತು ದುಡಿಯುವ ಇಪ್ಪತ್ತೆಂಟು ಹೆಂಗಸರಿಗೂ ನಡುವೆ ಒಂದಿಟ್ಟಿಗೆ ದಪ್ಪದ ಗೋಡೆ. ಚೌರಮ್ಮ ಅಲ್ಲೊಂದು ಬೇಸಿನ್ನಿಗೆ ಸೇರಿದಳು. ಸೌದೆ ಹಾಕಿ ಬಾಯ್ಲರ್ ನೋಡಿಕೊಳ್ಳುವ ಕೆಲಸ ರಾಯಪ್ಪನಿಗೆ ಸಿಕ್ಕಿತು.

ಬಾಯ್ಲರಿನ ನೆತ್ತಿಯ ಮೇಲೊಂದು ಬಾಯಿ ಇರುತ್ತದೆ. ಒಳಗೆ ಉಗಿ ಮಿತಿ ಮೀರಿದರೆ ಆ ಬಾಯಿ ತಾನೇ ತೆರೆದು, ಊರಿಗೆ ಕೇಳುವಂತೆ ಕೂಗಿ, ಹೆಚ್ಚಾದದ್ದನ್ನು ಹೊರಗೆ ಬಿಡುತ್ತದೆ. ಕೂಗಿದಷ್ಟೂ ಉಗಿ ದಂಡ, ಉಗಿ ಹೋದಷ್ಟೂ ಸೌದೆ ದಂಡ. ದೇವರಾಜುವಿನ ಅಕ್ಕನ ಮಗ ಲೋಕೇಶ್ ಮಿಲ್ಲಿನ ಸೂಪರ್‌ವೈಸರು. ಅವನು ಇದಕ್ಕೊಂದು ಉಪಾಯ ಕಂಡುಹಿಡಿದ. ಗೂಡು ತೂಗುವ ತಕ್ಕಡಿಯ ಎರಡು ಕೇಜಿ ತೂಕದ ಕಬ್ಬಿಣದ ಬಟ್ಟನ್ನು ತಂದು, ಆ ಬಾಯಿಯನ್ನು ಒತ್ತಿ ಹಿಡಿಯುವ ಸರಳಿನ ತುದಿಗೆ ಬೈಂಡಿಂಗ್ ವೈರಿನಲ್ಲಿ ನೇತುಹಾಕಲು ರಾಯಪ್ಪನಿಗೆ ಹೇಳಿದ. ಬಾಯ್ಲರ್ ಕೂಗುವುದು ನಿಂತಿತು. ಲೋಕೇಶ್ ತನ್ನನ್ನು ಇಂಜಿನಿಯರ್ ಅಂದುಕೊಂಡ.

ಅದೇ ಬುದ್ಧಿಯಲ್ಲಿ ಅವನು ಹೆಂಗಸರ ಕಕ್ಕಸಿಗೂ ಬೀಗ ಹಾಕಿದ. ಒಬ್ಬಳು ಎದ್ದರೆ ಎಳೆ ಕಡಿಯುತ್ತದೆ ಎಂದು ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಬೀಗ. ಕೀಲಿ ಗೇಟಿನ ಹತ್ತಿರದ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಎರಡು ಸಾವಿರದ ಐದು, ಮಾರ್ಚ್. ಕ್ರೈಸ್ತರು ಉಪವಾಸವಿರುವ ತಪಸ್ಸುಕಾಲದ ಒಂದು ಮಂಗಳವಾರ. ಚೌರಮ್ಮನ ಪಕ್ಕದ ಬೇಸಿನ್ನಿನಲ್ಲಿ ಖುರ್ಷಿದಾ ಎಂಬ ಹೆಣ್ಣುಮಗಳು. ಆರು ತಿಂಗಳ ಬಸುರಿ. ಹತ್ತು ಗಂಟೆಯಿಂದ ಮೂರು ಸಲ ಕೀಲಿ ಕೇಳಿದಳು.

"ಒಂದು ಗಂಟೆಗೆ," ಎಂದ ಲೋಕೇಶ್. "ನಿಮ್ಮದೆಲ್ಲ ನಾಟ್ಕ ನಂಗೊತ್ತು. ಹೋಗೋದು ಒಂದ್ ನಿಮ್ಷ, ಹರಟೋದು ಅರ್ಧ ಗಂಟೆ."

ಹನ್ನೊಂದಕ್ಕೆ ಖುರ್ಷಿದಾ ಕೂತಲ್ಲೇ ಒದ್ದೆಯಾದಳು. ಕೆಳಗಿನ ಸಿಮೆಂಟಿನ ಮೇಲೆ ಹರಿದು ಅದು ಚೌರಮ್ಮನ ಕಾಲಿಗೆ ತಾಗಿತು. ಹುಡುಗಿ ತಲೆಯೆತ್ತಲಿಲ್ಲ. ಕೈ ಮಾತ್ರ ಎಳೆ ಜೋಡಿಸುತ್ತಲೇ ಇತ್ತು. ಆ ಕೈ ನಿಲ್ಲದೆ ನಡೆಯುತ್ತಿದ್ದುದನ್ನು ನೋಡಿ ಚೌರಮ್ಮನಿಗೆ ಹೊಟ್ಟೆಯಿಂದ ನೆತ್ತಿಗೆ ಬೆಂಕಿ ಹತ್ತಿತು. ತನ್ನ ರಾಟೆಯ ಎಳೆಯನ್ನು ತಾನೇ ಕಿತ್ತು ಬಿಸಾಡಿದಳು.

"ಏಳ್ರೇ! ಎಲ್ರೂ ಏಳ್ರೇ! ನಾವೇನು ಹಟ್ಟೀಲಿ ಕಟ್ಟಿರೋ ದನ್ವಾ? ಆ ಕೀಲಿ ನನ್ನ ಕೈಗೆ ಬರೋಗಂಟ ಒಬ್ಳೂ ಕೂರಕೂಡ್ದು!"

ಉಗಿಯ ನಲ್ಲಿ ತಿರುಗಿಸುವ ಗೋಜಿಗೂ ಹೋಗದೆ ಇಪ್ಪತ್ತೆಂಟು ಹೆಂಗಸರು ಎದ್ದರು. ಬೈರಾಪಟ್ಟಣದಿಂದ ಬರುತ್ತಿದ್ದ ವೆಂಕಟಲಕ್ಷ್ಮಮ್ಮ ಎಂಬ ಮುದುಕಿ ಕೈಯಲ್ಲಿದ್ದ ಜಾಲರಿ ಸೌಟನ್ನೂ ಹಿಡಿದೇ ಹೊರಟಳು. ಗೇಟಿನ ಹತ್ತಿರ ಲೋಕೇಶನನ್ನು ಸುತ್ತುಗಟ್ಟಿದರು. ಗಲಾಟೆ ಕೇಳಿ, ಅಕ್ಕನ ಧ್ವನಿ ಗುರುತು ಹಿಡಿದು, ರಾಯಪ್ಪನೂ ಬಾಯ್ಲರ್ ಬಿಟ್ಟು ಓಡಿಬಂದ.

"ಮುಂಡೇದೇ, ನಿಮ್ಮವ್ವ ನಿನ್ನ ಹೊತ್ತಿದ್ದಾಗ ಯಾವನಾದ್ರೂ ಬೀಗ ಹಾಕಿದ್ನೇನ್ಲಾ?" ಎಂದು ವೆಂಕಟಲಕ್ಷ್ಮಮ್ಮ ಸೌಟು ಎತ್ತಿದ್ದಳು. ಅಷ್ಟರಲ್ಲಿ ನೆಲ ನಡುಗಿತು.

ಬಾಯ್ಲರ್ ತಗಡು ಸೀಳಿಕೊಂಡು ಮೇಲೆ ಹೋಯಿತು. ಒಂದಿಟ್ಟಿಗೆ ಗೋಡೆ ಇಪ್ಪತ್ತೆಂಟು ಬೇಸಿನ್ನುಗಳ ಮೇಲೆ ಬಿತ್ತು. ಕುದಿಯುವ ನೀರು, ಸೌದೆಯ ಕೆಂಡ, ಕಬ್ಬಿಣದ ಚೂರು ಹೆಂಗಸರು ಹತ್ತು ನಿಮಿಷದ ಹಿಂದೆ ಕೂತಿದ್ದ ಮಣೆಗಳ ಮೇಲೆಲ್ಲ ಹರಡಿದವು. ಶೆಡ್ಡಿನ ನೆರಳಲ್ಲಿ ಮಲಗಿದ್ದ ಒಂದು ನಾಯಿ ಸತ್ತಿತು. ಮನುಷ್ಯರಿಗೆ ಒಂದು ಗಾಯವಿಲ್ಲ.

ಮೊದಲು ಮಂಡಿಯೂರಿದ್ದು ಚೌರಮ್ಮ. ಅದು ಪವಾಡ ಎಂಬುದರಲ್ಲಿ ಅವಳಿಗೆ ಆ ಗಳಿಗೆಯಲ್ಲೂ ಸಂಶಯವಿರಲಿಲ್ಲ, ಇಂದಿಗೂ ಇಲ್ಲ.

ತಪ್ಪು ನಡೆದದ್ದು ಆಮೇಲೆ, ಮತ್ತು ಅದು ಅವಳದೇ. ಮಧ್ಯಾಹ್ನ ಪತ್ರಿಕೆಯವನೊಬ್ಬ ಬಂದು, ಎಲ್ಲರೂ ಒಟ್ಟಿಗೆ ಹೊರಗೆ ಬಂದದ್ದು ಹೇಗಮ್ಮ ಎಂದು ಕೇಳಿದ. ಸುತ್ತ ಐವತ್ತು ಗಂಡಸರು. ಪಕ್ಕದಲ್ಲಿ ಒದ್ದೆ ಬಟ್ಟೆಯ ಮೇಲೆ ಯಾರದೋ ಟವೆಲ್ಲು ಸುತ್ತಿಕೊಂಡ ಖುರ್ಷಿದಾ. ಆ ಹುಡುಗಿಯ ಮಾನ ಇಷ್ಟು ಜನರ ಬಾಯಿಗೆ ಬೀಳಬಾರದು ಎಂದು ಚೌರಮ್ಮ ಕೀಲಿಯ ಮಾತನ್ನೇ ನುಂಗಿದಳು.

"ದೇವ್ರೇ ಎಬ್ಬಿಸ್ಕೊಂಡು ಬಂದ ಕಣಪ್ಪ," ಎಂದಷ್ಟೇ ಹೇಳಿದಳು.

ಅಷ್ಟು ಸಾಕಾಯಿತು ದೇವರಾಜುವಿಗೆ. ಉಳಿದದ್ದನ್ನು ಅವನೇ ಹೇಳಿ ಬರೆಸಿದ. ಮರುದಿನದ ಪತ್ರಿಕೆಯಲ್ಲಿ, ಕ್ರೈಸ್ತ ಮಹಿಳೆ ಚೌರಮ್ಮ ಜಪಸರ ಪ್ರಾರ್ಥನೆಗೆಂದು ಎಲ್ಲರನ್ನೂ ಹೊರಗೆ ಕರೆದಳು, ಆಗ ಮೇರಿಮಾತೆ ಎಲ್ಲರನ್ನೂ ಕಾಪಾಡಿದಳು ಎಂದು ಬಂತು. ಚೌರಮ್ಮನ ಬೇಸಿನ್ನಿನ ಮೇಲೆ ತೂಗುತ್ತಿದ್ದ ಗುಡಿಯ ಕ್ಯಾಲೆಂಡರು ಮೂಲೆಯಲ್ಲಿ ಸುಡದೆ ಉಳಿದಿತ್ತು. ಅದರ ಫೋಟೋ ಕೂಡ ಇತ್ತು. ವಾರದೊಳಗೆ ಗೇಟಿನ ಹತ್ತಿರ ಜನ ಮೇಣದ ಬತ್ತಿ ಹಚ್ಚತೊಡಗಿದರು. ಶನಿವಾರ ಕೆಂಗಲ್ ಆಂಜನೇಯನಿಗೆ ಹೋಗುವವರೂ ಕಾರು ನಿಲ್ಲಿಸಿ ಕೈಮುಗಿದರು. ದೇವರಾಜು ಕಲ್ಲು ಸಿಮೆಂಟು ತರಿಸಿ ಗೇಟಿನ ಪಕ್ಕ ಮಾತೆಯ ಪ್ರತಿಮೆಗೊಂದು ಗವಿ ಕಟ್ಟಿಸಲು ಶುರುಮಾಡಿದ. ಬೆಂಗಳೂರಿಂದ ಬಂದ ಬಾಯ್ಲರ್ ಇನ್ಸ್‌ಪೆಕ್ಟರಿಗೆ, ಉಗಿ ಬಿಡುವ ಬಾಯಿ ಎಲ್ಲಿ ಹಾರಿಹೋಯಿತೋ ಸಿಗಲಿಲ್ಲ ಸಾರ್, ದೇವರೇ ಕಾಪಾಡಿದ್ದು ಎಂದ. ಸಾಹೇಬರು ಸುತ್ತ ಹುಡುಕಿಸಿದರು, ಸಿಕ್ಕಲಿಲ್ಲ. ತಾವು ನೋಡದ್ದನ್ನು ಅವರು ಬರೆಯುವಂತಿರಲಿಲ್ಲ.

ನೋಡಿದವಳು ಚೌರಮ್ಮ. ಬಿದ್ದ ಇಟ್ಟಿಗೆ ಎತ್ತಿಹಾಕುವ ಕೆಲಸಕ್ಕೆ ಹೆಂಗಸರನ್ನೇ ಕರೆದಿದ್ದರು. ಚರಂಡಿಯ ಕೆಸರಿನಲ್ಲಿ ಅವಳ ಕೈಗೆ ಎರಡು ಕೇಜಿಯ ಬಟ್ಟು ಸಿಕ್ಕಿತು. ಸರ್ಕಾರದ ಮುದ್ರೆ, ಕೊರಳಲ್ಲಿ ತಿರುಚಿದ ಬೈಂಡಿಂಗ್ ವೈರು. ಆ ವೈರನ್ನು ತಿರುಚಿದ ಕೈ ಯಾರದೆಂದು ಅವಳಿಗೆ ಗೊತ್ತು. ಚಿಕ್ಕಂದಿನಲ್ಲಿ ಗಾಳಿಪಟಕ್ಕೂ ರಾಯಪ್ಪ ಹಾಗೆಯೇ ಮೂರು ಸುತ್ತು ಸುತ್ತಿ ಮಡಿಸುತ್ತಿದ್ದ. ಬಟ್ಟನ್ನು ಊಟದ ಚೀಲಕ್ಕೆ ಹಾಕಿಕೊಂಡು ಬಂದು ರಾಗಿ ಡಬ್ಬದ ತಳದಲ್ಲಿ ಹೂತಿಟ್ಟಳು. ತಮ್ಮನ ಮುಖ ನೋಡಿ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದಳು. ಪೂಜೆಯಲ್ಲಿ ಪ್ರಸಾದ ತೆಗೆದುಕೊಳ್ಳುವಾಗ ಮಾತ್ರ ನಾಲಿಗೆ ಒಣಗುತ್ತಿತ್ತು.

ಮೇ ತಿಂಗಳು ಮಾತೆಯ ತಿಂಗಳು. ಕೊನೆಯ ಭಾನುವಾರ ಗವಿಯ ಆಶೀರ್ವಾದ, ಅದೇ ದಿನ ಹೊಸ ಬಾಯ್ಲರಿಗೆ ಬೆಂಕಿ ಎಂದು ಗೊತ್ತಾಯಿತು. ಹೊಸದು ಅಂದರೆ ಇನ್ನೊಂದು ಮುಚ್ಚಿದ ಕಾರ್ಖಾನೆಯ ಹಳೆಯದು. ಆ ವಾರ ರಾಯಪ್ಪ ಅಕ್ಕನ ಮನೆಗೆ ಊಟಕ್ಕೆ ಬಂದ. ಮುದ್ದೆ ಮುರಿಯುತ್ತ, ಅವಳ ಮುಖ ನೋಡದೆ ಹೇಳಿದ.

"ಇದಕ್ಕೂ ತೂಕ ನೇತಾಕು ಅಂದವ್ನೆ ಲೋಕಿ. ಇದು ಒಸಿ ದೊಡ್ದಂತೆ. ಐದು ಕೇಜಿದು ಹಾಕು ಅಂದ."

ಚೌರಮ್ಮನ ಕೈಯ ಸೌಟು ಸಾರಿನಲ್ಲೇ ನಿಂತಿತು. "ನೀ ಏನಂದೆ?"

"ಏನಂತೀನಿ? ಆಯ್ತು ಅಂದೆ. ಇನ್ಸ್‌ಪೆಕ್ಟರ್ ಹೋದ್ಮ್ಯಾಕೆ ಹಾಕ್ಬೇಕಂತೆ."

"ಲೇ ರಾಯಪ್ಪ, ಅಲ್ಲಿ ಕೂರೋಳು ನಾನು ಕಣ್ಲಾ. ಖುರ್ಷಿದಾ ಎಂಟ್ ತಿಂಗಳ ಹೊಟ್ಟೆ ಹೊತ್ಕೊಂಡು ಸೋಮವಾರ ಬತ್ತಾವ್ಳೆ."

"ಈ ಸಲಾನೂ ಮಾತೆ ನೋಡ್ಕೊತಾಳೆ ಬುಡು," ಎಂದ ರಾಯಪ್ಪ.

ಚೌರಮ್ಮನಿಗೆ ಈಗ ಅರ್ಥವಾಯಿತು. ಪವಾಡ ಅನ್ನುವುದು ಇವರಿಗೆ ಐದು ಕೇಜಿಯ ತೂಕ ನೇತುಹಾಕಲು ಲೈಸೆನ್ಸು! ದೇವರು ಒಂದು ಸಲ ಕೈಯೊಡ್ಡಿ ಹಿಡಿದನಲ್ಲ, ಇನ್ನು ದಿನಾ ಹಿಡಿಯಲಿ, ಸೌದೆ ಉಳಿಯಲಿ!

ಮರುದಿನ ನೇರ ದೇವರಾಜುವಿನ ಆಫೀಸಿಗೆ ಹೋದಳು. ಅವನು ಕುರ್ಚಿ ತೋರಿಸಿದ. ಹದಿನೈದು ವರ್ಷದ ಪರಿಚಯದಲ್ಲಿ ಅದೇ ಮೊದಲು.

"ಬಾ ತಾಯಿ, ಕೂತ್ಕೊ. ಭಾನುವಾರ ಮೈಕಲ್ಲಿ ನಿಂದೇ ಮೊದಲ ಸಾಕ್ಷಿ. ಸಾಹೇಬ್ರನ್ನೂ ಕರ್ದಿವ್ನಿ. ನಿನ್ನ ಬಾಯಲ್ಲೇ ಕೇಳ್ಲಿ."

"ಯಜಮಾನ್ರೇ, ಆ ತೂಕ ನೇತಾಕೋದು ನಿಲ್ಸಿ. ಕಕ್ಕಸಿನ ಬೀಗ ತೆಗ್ಸಿ. ಆಮ್ಯಾಕೆ ಸಾಕ್ಷಿ."

"ಯಾವ ತೂಕ?" ದೇವರಾಜು ನಗುತ್ತಲೇ ಇದ್ದ. "ತೂಕ ಅಂತ ಬಾಯಿಬಿಟ್ರೆ, ನೇತಾಕಿದ ಕೈ ಯಾವ್ದು ಅಂತ ಕೇಳ್ತಾರೆ ಚೌರಮ್ಮ. ನನ್ನ ಕೈಯಂತೂ ಅಲ್ಲ. ರಾಯಪ್ಪಂಗೆ ಎರಡು ಹೆಣ್ಣುಮಕ್ಕಳು ಅಲ್ವಾ?" ಆಮೇಲೆ ಮೆತ್ತಗೆ, "ಗವಿ ನೋಡ್ಕೊಳೋ ಕೆಲ್ಸ ನಿಂಗೇ ಕೊಡ್ತೀನಿ. ಇನ್ಮೇಲೆ ಬಿಸಿನೀರಲ್ಲಿ ಕೈ ಇಕ್ಕೋದು ಬ್ಯಾಡ. ಹೂ ಇಟ್ಕೊಂಡು, ಬತ್ತಿ ಹಚ್ಕೊಂಡು ತಣ್ಣಗಿರು."

"ಮಿಕ್ಕ ಇಪ್ಪತ್ತೇಳು ಜನ?"

"ಅವ್ರನ್ನ ನಿಮ್ಮಮ್ಮ ನೋಡ್ಕೊತಾಳಲ್ಲ," ಎಂದು ಅವನು ಹೊರಗೆ ಗವಿಯ ಕಡೆ ಕೈ ತೋರಿಸಿದ.

ಗುಡಿಗೆ ಹೋದಳು. ಪಾದ್ರಿಗಳು ಹೊಸಬರು, ಕರಾವಳಿ ಕಡೆಯವರು, ಮೆದುಮಾತಿನವರು.

"ಸ್ತೋತ್ರ ಸ್ವಾಮಿ. ಒಂದು ಮಾತು ಕೇಳ್ಬೇಕಿತ್ತು. ಬಾಯಲ್ಲಿ ಹೇಳಾಕೂ ಆಗ್ದಂಥ ಕೊಳಕು ವಿಷಯದಿಂದ ದೇವ್ರು ಪವಾಡ ಮಾಡ್ತಾನಾ?"

"ಯಾಕಮ್ಮ ಮಾಡಬಾರದು? ನೆಲಕ್ಕೆ ಉಗುಳಿ, ಆ ಎಂಜಲಿನಲ್ಲಿ ಮಣ್ಣು ಕಲಸಿ ಕುರುಡನ ಕಣ್ಣಿಗೆ ಹಚ್ಚಿದವರಲ್ಲವೇ ನಮ್ಮ ಸ್ವಾಮಿ?"

ಆಗ ಅವಳು ಎಲ್ಲವನ್ನೂ ಹೇಳಿದಳು. ಕೇಳುತ್ತ ಕೇಳುತ್ತ ಪಾದ್ರಿಗಳ ಮುಖ ಬಾಡಿತು. "ಇದು ನಿಜವೇ ಇರಬಹುದು. ಆದರೆ ಆಶೀರ್ವಾದದ ದಿನ, ಎಲ್ಲ ಜಾತಿಯವರೂ ಸೇರಿರುತ್ತಾರೆ... ಇನ್ನೊಂದು ದಿನ ನಿಧಾನವಾಗಿ ನೋಡೋಣ," ಎಂದರು.

ಬಾಯ್ಲರಿಗೆ ನಿಧಾನ ಇರಲಿಲ್ಲ. ಸೋಮವಾರ ಹೆಂಗಸರು ಕೂರುವವರಿದ್ದರು.

ಕೊನೆಗೆ ಖುರ್ಷಿದಾಳ ಮನೆಗೆ ಹೋದಳು. ಅವಳ ಅತ್ತೆ ಮುನವ್ವರಾ ಟೀ ಕೊಟ್ಟು ಒಳಗೆ ಹೋದಳು.

"ಅತ್ತೆ ಕೇಳ್ತಾ ಅವ್ರೆ ಅಕ್ಕಾ, ಜಪಸರ ಯಾವಾಗ ಕಲ್ತೆ ಅಂತ. ಪೇಪರಲ್ಲಿ ನಂದೂ ಹೆಸರೈತಲ್ಲ," ಎಂದು ಖುರ್ಷಿದಾ ನಕ್ಕಳು. ಚೌರಮ್ಮನಿಗೆ ನಗು ಬರಲಿಲ್ಲ.

"ನಿಜ ಹೇಳಾಕೆ ಹೊಂಟಿವ್ನಿ ಕಣೇ. ಕೀಲಿ ವಿಷ್ಯ ಹೇಳ್ದೆ ತೂಕದ ವಿಷ್ಯ ನಿಲ್ಲಾಕಿಲ್ಲ. ಪ್ರಾರ್ಥನೆ ಅಂತ ಒಂದ್ ಸುಳ್ಳು ಒಪ್ಕೊಂಡ್ರೆ ಮಿಕ್ಕಿದ್ದೂ ಸುಳ್ಳಾಯ್ತದೆ."

ಹುಡುಗಿಯ ನಗು ಹೋಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಅತ್ತೆ ಹೋದ ಬಾಗಿಲ ಕಡೆ ನೋಡಿದಳು. "ಹೇಳಕ್ಕಾ. ನನ್ನ ಹೆಸರು ಮಾತ್ರ ಬ್ಯಾಡ. ಕೈ ಮುಗೀತೀನಿ."

"ಹೇಳಾಕಿಲ್ಲ," ಎಂದಳು ಚೌರಮ್ಮ.

ಭಾನುವಾರ ಸಾಯಂಕಾಲ ಶಾಮಿಯಾನ, ಮೈಕು, ಬಣ್ಣದ ಕಾಗದ. ಗವಿಯ ಪಕ್ಕ ಕರಿಗಲ್ಲಿನ ಹಲಗೆಯಲ್ಲಿ, ಜಪಸರ ಪ್ರಾರ್ಥನೆಗೆ ಹೊರಬಂದ ಇಪ್ಪತ್ತೆಂಟು ಮಹಿಳೆಯರನ್ನು ದೇವಮಾತೆ ಕಾಪಾಡಿದ ಸ್ಥಳ ಎಂದು ಹಳದಿ ಬಣ್ಣದಲ್ಲಿ ಬರೆಸಿದ್ದರು. ಮುಂದಿನ ಸಾಲಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು, ದೇವರಾಜು, ಲೋಕೇಶ್. ಹಿಂದೆ ಮಿಲ್ಲಿನ ಹೆಂಗಸರು, ಅವರ ಹಿಂದೆ ಊರು. ಪಾದ್ರಿಗಳು ತೀರ್ಥ ಚಿಮುಕಿಸಿದರು. ಚೌರಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಹರಕೆಯನ್ನು ಎದೆಗೊತ್ತಿ ಹಿಡಿದು ಮೈಕಿನ ಮುಂದೆ ಬಂದಳು. ಮೇಣದ ಕೈ ಇರಬೇಕು, ಬೇಸಿನ್ ಇರಬೇಕು ಎಂದು ಜನ ಪಿಸುಗುಟ್ಟಿದರು.

"ಇಲ್ಲಿ ಪವಾಡ ಆಗೈತೆ," ಎಂದಳು. "ನಾನು ನೋಡಿವ್ನಿ. ಅದನ್ನ ಇಲ್ಲ ಅನ್ನೋನು ನನ್ನ ಮುಂದೆ ಬರ್ಲಿ."

ಚಪ್ಪಾಳೆ ಬಿತ್ತು. ದೇವರಾಜು ಎಲ್ಲರಿಗಿಂತ ಜೋರಾಗಿ ತಟ್ಟಿದ.

"ಆದ್ರೆ ಆ ಕಲ್ಲಲ್ಲಿ ಬರ್ದಿರೋದು ಸುಳ್ಳು. ನಾವು ಜಪಸರಕ್ಕೆ ಎದ್ದಿರ್ಲಿಲ್ಲ. ಜಗಳಕ್ಕೆ ಎದ್ದಿದ್ದೋ. ಕಕ್ಕಸಿಗೆ ಬೀಗ ಹಾಕಿದ್ರು. ಒಬ್ಳು ಬಸುರಿ ಹೆಣ್ಮಗ್ಳು ಕೂತಲ್ಲೇ ಉಚ್ಚೆ ಹುಯ್ಕೊಂಡ್ಳು. ನಮ್ಮನ್ನ ಉಳ್ಸಿದ್ದು ಅದು ಕಣ್ರೀ. ಆ ಉಚ್ಚೆ!"

ಪಾದ್ರಿಗಳು ಕಣ್ಣು ಮುಚ್ಚಿದರು. ಲೋಕೇಶ್ ಎದ್ದು, "ಏಯ್, ಮೈಕ್ ಆಫ್ ಮಾಡ್ರೋ, ಯಾವ್ ಹೆಂಗ್ಸು? ಎಲ್ಲಾ ಕಟ್ಟುಕತೆ! ಹೆಸರು ಹೇಳು ನೋಡಾನ!" ಎಂದು ಕೂಗಿದ. ಮೈಕು ಸತ್ತಿತು. ಚೌರಮ್ಮ ಬಾಯಿ ಬಿಗಿದು ನಿಂತಳು. ಕೊಟ್ಟ ಮಾತು ಕೊಟ್ಟದ್ದೇ. ಹೆಸರು ಹೇಳುವ ಹಾಗಿಲ್ಲ.

ಹೆಂಗಸರ ನಡುವೆ ಒಂದು ಬುರ್ಖಾ ಎದ್ದಿತು. ಎಂಟು ತಿಂಗಳ ಹೊಟ್ಟೆ ಹೊತ್ತು ಏಳುವುದು ಸುಲಭವಲ್ಲ. ವೆಂಕಟಲಕ್ಷ್ಮಮ್ಮ ರಟ್ಟೆ ಹಿಡಿದು ಎಬ್ಬಿಸಿದಳು.

"ನಾನೇ," ಎಂದಳು ಖುರ್ಷಿದಾ. "ಮೂರು ಸಲ ಕೀಲಿ ಕೇಳ್ದೆ. ನೀನು ಕೊಡ್ಲಿಲ್ಲ."

ಚೌರಮ್ಮನಿಗೆ ಆಮೇಲೆ ಮೈಕು ಬೇಕಾಗಲಿಲ್ಲ.

"ಎಂಜಲಲ್ಲಿ ಮಣ್ಣು ಕಲ್ಸಿ ಕಣ್ಣು ಕೊಟ್ಟೋನಿಗೆ ಇದು ಕೊಳಕಾ? ಅವ್ಳಿಗಾದ ಅವಮಾನ ಕಂಡು ನಂಗೆ ಸಿಟ್ಟು ಬಂತು. ಆ ಸಿಟ್ಟು ನಂದಲ್ಲ. ಹದಿನೈದು ವರ್ಷ ಸಿಟ್ಟು ನುಂಗ್ಕೊಂಡೇ ದುಡ್ದೋಳು ನಾನು. ಅವತ್ತು ದೇವ್ರೇ ಸಿಟ್ಟಾಗಿ ಬಂದು ನಮ್ಮನ್ನ ಎಬ್ಬಿಸ್ದ. ಹೊರಕ್ಕೆ ತರೋದು ಆಯಪ್ಪನ ಕೆಲ್ಸ, ಮಾಡ್ದ. ಮಿಕ್ಕಿದ್ದು ನಮ್ಮ ಕೆಲ್ಸ. ವಾಸಿಯಾದ ಕಾಯಿಲೆ ಮಾತೆ ಮುಂದೆ ಇಡ್ಬೇಕು, ಅದು ನಮ್ಮ ಪದ್ಧತಿ. ಈ ಮಿಲ್ಲಿನ ಕಾಯಿಲೆ ಇನ್ನೂ ವಾಸಿಯಾಗಿಲ್ಲ. ಆದ್ರೂ ಇಡ್ತೀನಿ."

ಬಟ್ಟೆ ಬಿಚ್ಚಿ, ಎರಡು ಕೇಜಿಯ ಬಟ್ಟನ್ನು ಮಾತೆಯ ಪಾದದ ಹತ್ತಿರ ಇಟ್ಟಳು. ಕಲ್ಲಿನ ಮೇಲೆ ಕಬ್ಬಿಣ ಸದ್ದು ಮಾಡಿತು. ವೈರು ಇನ್ನೂ ಕೊರಳಲ್ಲೇ ಇತ್ತು.

"ಸಾಹೇಬ್ರೇ, ನೀವು ಹುಡುಕ್ತಿದ್ದ ಬಾಯಿಗೆ ಇದನ್ನ ಕಟ್ಟಿದ್ರು. ನಾಳೆ ಐದು ಕೇಜಿದು ಕಟ್ತಾರೆ. ಕಟ್ಟು ಅಂದಿದ್ದು ಲೋಕೇಶಪ್ಪ. ಯಜಮಾನ್ರಿಗೆ ಗೊತ್ತು." ಅವಳು ಬಗ್ಗಿ ವೈರಿನ ಮೇಲೆ ಬೆರಳಿಟ್ಟಳು. "ಕಟ್ಟಿದ್ದು ನನ್ನ ತಮ್ಮ ರಾಯಪ್ಪ."

ಎಲ್ಲರೂ ಶಾಮಿಯಾನದ ಅಂಚಿನಲ್ಲಿ ನಿಂತಿದ್ದ ರಾಯಪ್ಪನ ಕಡೆ ತಿರುಗಿದರು. ಅವನು ಅಕ್ಕನನ್ನು ನೋಡಿದ ನೋಟ ಹೇಗಿತ್ತೆಂದು ಅವಳು ಯಾರಿಗೂ ಹೇಳಿಲ್ಲ. ಅವನು ಶಾಮಿಯಾನದ ಹಗ್ಗ ದಾಟಿಕೊಂಡು ಹೊರಟುಹೋದ.

ಸಾಹೇಬರು ಎದ್ದು ಬಂದು, ಚಪ್ಪಲಿ ಬಿಟ್ಟು, ಗವಿಯಿಂದ ಬಟ್ಟನ್ನು ಎತ್ತಿಕೊಂಡರು. ಮುದ್ರೆ ನೋಡಿದರು, ವೈರು ನೋಡಿದರು. ದೇವರಾಜು, "ಸಾರ್, ಹೆಂಗಸ್ರ ಮಾತು..." ಎಂದು ಶುರುಮಾಡಿದ.

"ಸುಮ್ನಿರ್ರೀ," ಎಂದರು ಸಾಹೇಬರು. ಆ ಸಂಜೆ ಬಾಯ್ಲರಿಗೆ ಬೆಂಕಿ ಬೀಳಲಿಲ್ಲ, ಸೀಲು ಬಿತ್ತು.

ಇಷ್ಟಕ್ಕೇ ಊರು ಅವಳನ್ನು ಹೊತ್ತು ಮೆರೆಸಿತು ಅಂದುಕೊಳ್ಳಬೇಡಿ. ಮಿಲ್ಲು ಐದು ತಿಂಗಳು ಮುಚ್ಚಿತ್ತು. ಕೆಲಸ ಹೋದ ಹೆಂಗಸರಲ್ಲಿ ಅರ್ಧದಷ್ಟು ಜನ ಚೌರಮ್ಮನಿಗೆ ಹಿಡಿಶಾಪ ಹಾಕಿದರು. ವೆಂಕಟಲಕ್ಷ್ಮಮ್ಮನೇ ಒಮ್ಮೆ, "ನಿನ್ನ ದೇವ್ರು ಉಳ್ಸಿದ, ನೀನು ಉಪವಾಸ ಕೆಡವ್ದೆ ಕಣೇ," ಎಂದಳು. ಲೋಕೇಶನನ್ನು ಮಾವ ಬಿಡದಿಯ ಕಡೆ ತೆಗೆಯುತ್ತಿದ್ದ ಇನ್ನೊಂದು ಘಟಕಕ್ಕೆ ಸದ್ದಿಲ್ಲದೆ ಸಾಗಿಸಿದ. ಕೋರ್ಟು ಅಲೆದದ್ದು ರಾಯಪ್ಪ. ಜೈಲಾಗಲಿಲ್ಲ. ತ್ರಾಣವೂ ಉಳಿಯಲಿಲ್ಲ. ಎರಡು ಕ್ರಿಸ್‌ಮಸ್ ಅವನು ಅಕ್ಕನ ಮನೆ ಹೊಸಿಲು ತುಳಿಯಲಿಲ್ಲ. ಮೂರನೆಯದಕ್ಕೆ ಬಂದ, ಉಂಡ, ಆ ವಿಷಯ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಪಾದ್ರಿಗಳು ಮಾತ್ರ ಒಂದು ಭಾನುವಾರ ಪೀಠದಿಂದ, ತಾವು ಅಂಜಿದ್ದಾಗಿ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು.

ಮಿಲ್ಲು ಮತ್ತೆ ಶುರುವಾದಾಗ ಬಾಯ್ಲರಿಗೂ ಬೇಸಿನ್ನುಗಳಿಗೂ ನಡುವೆ ಇಪ್ಪತ್ತಡಿ ದೂರ ಬಂದಿತ್ತು, ದಪ್ಪ ಗೋಡೆ ಬಂದಿತ್ತು, ಕಕ್ಕಸಿನ ಬಾಗಿಲಿಗೆ ಒಳಗಡೆ ಮಾತ್ರ ಅಗುಳಿ ಉಳಿದಿತ್ತು. ಮೊದಲ ದಿನ ಹನ್ನೊಂದರ ಸುಮಾರಿಗೆ ಬಾಯ್ಲರಿನ ನೆತ್ತಿಯ ಬಾಯಿ ಕಿವಿ ಕಿತ್ತುಹೋಗುವಂತೆ ಕೂಗಿತು. ಹೆಂಗಸರು ಕಿರುಚಿ ಎದ್ದರು. ಖುರ್ಷಿದಾ ಪಕ್ಕದ ಬುಟ್ಟಿಯಲ್ಲಿ ಮಲಗಿಸಿದ್ದ ಕೂಸನ್ನು ಅವಚಿಕೊಂಡು ಬಾಗಿಲಿಗೆ ಓಡಿದಳು.

"ಏನಾಗಾಕಿಲ್ಲ, ಕೂತ್ಕೊಳ್ರೇ," ಎಂದಳು ಚೌರಮ್ಮ, ಎಳೆ ಬಿಡದೆ. "ಅದು ಕೂಗ್ತಾ ಇರೋಗಂಟ ಭಯ ಇಲ್ಲ."

ಗವಿಯ ಪಕ್ಕದ ಕಲ್ಲಿನಲ್ಲಿ ಇನ್ನೂ ಜಪಸರ ಎಂದೇ ಇದೆ. ಬೆಂಗಳೂರಿಂದ ಬರುವ ಭಕ್ತರಿಗೆ ದೇವರಾಜು ಇಂದಿಗೂ ಆ ಕತೆಯನ್ನೇ ಹೇಳುತ್ತಾನೆ. ಚೌರಮ್ಮ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಾತೆಗೆ ಕೈಮುಗಿದು, ತಲೆಯ ಪಿನ್ನು ತೆಗೆದು, ಆ ಒಂದು ಪದದ ಹಳದಿ ಬಣ್ಣವನ್ನು ಒಸಿ ಕೆರೆದು ಒಳಗೆ ಹೋಗುತ್ತಾಳೆ. ವರ್ಷಕ್ಕೊಮ್ಮೆ ಅವರು ಬಣ್ಣ ಹೊಡೆಸುತ್ತಾರೆ. ಇವಳು ಮಾರನೇ ದಿನದಿಂದ ಮತ್ತೆ ಕೆರೆಯುತ್ತಾಳೆ.